ಸೋಡಿಯಂ ಮುಗಿದ ಮೇಲೆ ಉಳಿಯುವ ಬಿಳಿ ಪುಡಿ

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ ಓದುತ್ತಿದ್ದೇನೆ. ದ್ರಾವಕ ಒಣಗಿಸಲು ಬಳಸಿ ಉಳಿದ ಸೋಡಿಯಂ ಚೂರುಗಳನ್ನು ನೀರಿಗೆ ಹಾಕಬಾರದು, ಆಲ್ಕೊಹಾಲ್‌ಗೆ ಹಾಕಿ ಮುಗಿಸಬೇಕು ಎಂದು ಲ್ಯಾಬ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಹಾಗೆ ಮಾಡಿದಾಗ ಬೀಕರ್‌ನ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅದು ಏನು? ಅದರೊಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿರುತ್ತವೆ? ಅದನ್ನು ಬಿಸಿ ಮಾಡಿದರೆ ಏನಾಗುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಎಥನಾಲ್ ಬಳಸಿದ್ದರೆ ಆ ಬಿಳಿ ಪುಡಿ ಮುಖ್ಯವಾಗಿ ಸೋಡಿಯಂ ಎಥಾಕ್ಸೈಡ್. ಮೆಥನಾಲ್ ಆಗಿದ್ದರೆ ಸೋಡಿಯಂ ಮೆಥಾಕ್ಸೈಡ್. ಲೋಹವೊಂದು ಆಲ್ಕೊಹಾಲ್‌ನ ಹೈಡ್ರೋಜನ್ನನ್ನು ಹೊರದಬ್ಬಿ ಅದರ ಜಾಗದಲ್ಲಿ ಕೂತಾಗ ಹುಟ್ಟುವ ಇಂಥ ಸಂಯುಕ್ತಗಳಿಗೆಲ್ಲ ಲೋಹದ ಆಲ್ಕಾಕ್ಸೈಡ್ ಎಂಬ ಒಂದೇ ಕುಲನಾಮ. ನಿಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದ್ದೀರಿ. ಅವೆರಡಕ್ಕೂ ಹತ್ತಿರದ ಸಂಬಂಧವಿದೆ. ಆಲ್ಕಾಕ್ಸೈಡ್ ಬಿಸಿಯಾದಾಗ ಕರಗುತ್ತದೋ, ಆವಿಯಾಗುತ್ತದೋ ಅಥವಾ ಇದ್ದಲ್ಲೇ ಒಡೆದು ಹೋಗುತ್ತದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಸ್ಫಟಿಕದೊಳಗಿನ ಜೋಡಣೆಯೇ.

ಮೊದಲು ಬೀಕರ್‌ನಲ್ಲಿ ನಡೆಯುವುದನ್ನು ನೋಡೋಣ. ಸೋಡಿಯಂ ನೀರಿಗಿಂತ ತುಸು ಹಗುರ, ಹಾಗಾಗಿ ತೇಲುತ್ತದೆ. ನೀರಿನ ಮೇಲ್ಮೈಯಲ್ಲಿ ಅದು ಕರಗಿ ಗುಂಡಗಾಗಿ ಓಡಾಡುತ್ತಾ ಹೈಡ್ರೋಜನ್ ಬಿಡುತ್ತದೆ. ಗಾಳಿ ಅಲ್ಲೇ ಇದೆ, ಶಾಖವೂ ಇದೆ, ಬೆಂಕಿ ಹತ್ತಲು ಇನ್ನೇನೂ ಬೇಕಿಲ್ಲ. ಎಥನಾಲ್ ಸೋಡಿಯಂಗಿಂತ ಹಗುರ. ಚೂರು ಅದರಲ್ಲಿ ಮುಳುಗಿ ತಳದಲ್ಲಿ ಕೂತು, ದ್ರವದೊಳಗೆ ಗಾಳಿಯ ಸಂಪರ್ಕವಿಲ್ಲದೆ ಗುಳ್ಳೆ ಬಿಡುತ್ತದೆ. ಹೈಡ್ರೋಜನ್ನನ್ನು ಬಿಟ್ಟುಕೊಡುವ ವಿಷಯದಲ್ಲಿ ಎಥನಾಲ್ ನೀರಿಗಿಂತ ನಿಧಾನಿ, ಹೊಮ್ಮುವ ಶಾಖವೂ ಕಡಿಮೆ. ಆದರೆ ಅನಿಲದ ಪ್ರಮಾಣವೇನೂ ಕಡಿಮೆಯಾಗುವುದಿಲ್ಲ. ಒಂದು ಗ್ರಾಂ ಸೋಡಿಯಂ ಪೂರ್ತಿ ಮುಗಿಯುವಷ್ಟರಲ್ಲಿ ಸುಮಾರು ಅರ್ಧ ಲೀಟರ್ ಹೈಡ್ರೋಜನ್ ಹೊರಬಂದಿರುತ್ತದೆ. 23 ಗ್ರಾಂ ಸೋಡಿಯಂನಿಂದ 68 ಗ್ರಾಂ ಎಥಾಕ್ಸೈಡ್ ಸಿಗುತ್ತದೆ. ನಿಧಾನವಾಗಿ ನಡೆಯುತ್ತದೆ ಎಂಬ ಕಾರಣಕ್ಕೇ ಲ್ಯಾಬ್‌ನವರು ಆಲ್ಕೊಹಾಲ್ ಬಳಸಲು ಹೇಳುವುದು.

ತೆರೆದ ಬೀಕರ್‌ನ ಅಂಚಿಗೆ ಕಟ್ಟಿದ ಪುಡಿ ಶುದ್ಧ ಎಥಾಕ್ಸೈಡ್ ಆಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಗಾಳಿಯ ತೇವಾಂಶ ತಗುಲಿದೊಡನೆ ಎಥಾಕ್ಸೈಡ್ ಮತ್ತೆ ಎಥನಾಲ್ ಆಗಿ, ಜೊತೆಗೆ ಸೋಡಿಯಂ ಹೈಡ್ರಾಕ್ಸೈಡ್ ಕೊಡುತ್ತದೆ. ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಅಚ್ಚ ಬಿಳಿಯ ಎಥಾಕ್ಸೈಡ್ ಕ್ರಮೇಣ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಮಾಲು ಕೆಟ್ಟಿದೆ ಎಂದೇ ಅರ್ಥ. ಶುದ್ಧ ಪುಡಿ ಬೇಕೆಂದರೆ ಆರ್ಗಾನ್ ತುಂಬಿದ ಗ್ಲವ್‌ಬಾಕ್ಸ್‌ನೊಳಗೇ ಕೆಲಸ ಮಾಡಬೇಕು.

ಈಗ ಸ್ಫಟಿಕದೊಳಕ್ಕೆ ಹೋಗೋಣ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಮೂರು ದಿಕ್ಕಿನಲ್ಲೂ ಒಂದೇ ಸಮನೆ ಹಬ್ಬಿರುವುದು ನಿಮಗೆ ಗೊತ್ತು. ಆಲ್ಕಾಕ್ಸೈಡ್‌ನಲ್ಲಿ ಅದು ಸಾಧ್ಯವಿಲ್ಲ. ಆಮ್ಲಜನಕಕ್ಕೆ ಅಂಟಿಕೊಂಡ ಇಂಗಾಲದ ಬಾಲವೊಂದಿದೆ, ಅದಕ್ಕೂ ಜಾಗ ಬೇಕು. ಆದ್ದರಿಂದ ಸೋಡಿಯಂ ಮತ್ತು ಆಮ್ಲಜನಕ ಸೇರಿ ಒಂದು ಸಮತಟ್ಟಾದ ಪದರ ಕಟ್ಟಿಕೊಳ್ಳುತ್ತವೆ. ಪದರದಲ್ಲಿ ಪ್ರತಿ ಸೋಡಿಯಂನ ಸುತ್ತ ನಾಲ್ಕು ಆಮ್ಲಜನಕ, ಪ್ರತಿ ಆಮ್ಲಜನಕದ ಒಂದು ಬದಿಗೆ ನಾಲ್ಕು ಸೋಡಿಯಂ, ಇನ್ನೊಂದು ಬದಿಗೆ ಅದರ ಇಂಗಾಲದ ಬಾಲ. ಬಾಲಗಳಲ್ಲಿ ಅರ್ಧ ಪದರದ ಮೇಲಕ್ಕೆ ಚಾಚಿರುತ್ತವೆ, ಉಳಿದರ್ಧ ಕೆಳಕ್ಕೆ. ಇಂಥ ಪದರಗಳು ಒಂದರ ಮೇಲೊಂದು ಪೇರಿಕೊಂಡರೆ ಸ್ಫಟಿಕವಾಯಿತು. ಎರಡೂ ಬದಿಗೆ ಎಳೆ ಎದ್ದಿರುವ ಟವೆಲ್‌ಗಳನ್ನು ಮಡಿಸದೆ ಅಟ್ಟಿ ಹಾಕಿದ ಹಾಗೆ. ನೇಯ್ಗೆ ಬಿಗಿಯಾಗಿದೆ, ಆದರೆ ಒಂದು ಟವೆಲ್‌ಗೂ ಮುಂದಿನದಕ್ಕೂ ನಡುವೆ ಎಳೆಗಳು ಎಳೆಗಳಿಗೆ ತಾಗಿರುವುದು ಬಿಟ್ಟರೆ ಬೇರೆ ಹಿಡಿತವಿಲ್ಲ. ಪದರದೊಳಗೆ ವಿದ್ಯುದಾವೇಶಗಳ ಬಲವಾದ ಸೆಳೆತ, ಪದರಗಳ ನಡುವೆ ದುರ್ಬಲವಾದ ವಾನ್ ಡರ್ ವಾಲ್ಸ್ ಸೆಳೆತ.

ಸೋಡಿಯಂ ಮೆಥಾಕ್ಸೈಡ್‌ನ ಈ ಪದರ ರಚನೆ 1960ರ ದಶಕದಲ್ಲೇ ಜರ್ಮನಿಯ ಎರ್ವಿನ್ ವೈಸ್ ಅವರ ಕೆಲಸದಿಂದ ತಿಳಿದಿತ್ತು. ಬಾಲ ಉದ್ದವಾದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ನೆರೆಯವರೇ. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಕೆ. ಚಂದ್ರನ್ ಮತ್ತು ಸಂಗಡಿಗರು ಮೆಥಾಕ್ಸೈಡ್, ಎಥಾಕ್ಸೈಡ್‌ಗಳಿಂದ ಹಿಡಿದು ಇನ್ನೂ ಉದ್ದ ಬಾಲದ ಸೋಡಿಯಂ ಆಲ್ಕಾಕ್ಸೈಡ್‌ಗಳವರೆಗೆ ಒಂದು ಸರಣಿಯನ್ನೇ ತಯಾರಿಸಿ ಪರೀಕ್ಷಿಸಿದರು. ಅವರ ಪ್ರಬಂಧ 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷ-ಕಿರಣ ಚದರಿಕೆಯಲ್ಲಿ ಅವರು ಕಂಡದ್ದು ಸ್ವಾರಸ್ಯಕರ. ಈ ಸ್ಫಟಿಕಗಳು ಟೆಟ್ರಾಗೋನಲ್ ವರ್ಗದವು, ಅಂದರೆ ಅವುಗಳ ಮೂಲ ಘಟಕಕ್ಕೆ ಚೌಕಾಕಾರದ ತಳ ಮತ್ತು ಬೇರೆ ಅಳತೆಯ ಎತ್ತರ. ಬಾಲದಲ್ಲಿ ಇಂಗಾಲದ ಸಂಖ್ಯೆ ಹೆಚ್ಚಿದಂತೆ ತಳದ ಅಳತೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಎತ್ತರ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ನೇಯ್ಗೆ ಬದಲಾಗಲಿಲ್ಲ, ಎಳೆ ಉದ್ದವಾಯಿತು ಅಷ್ಟೇ. ಪದರ ರಚನೆಗೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಆದರೂ ಪ್ರತಿ ಪರಮಾಣು ಎಲ್ಲಿ ಕೂತಿದೆ ಎಂಬ ಪೂರ್ಣ ಚಿತ್ರಕ್ಕೆ ಎಥಾಕ್ಸೈಡ್ ಬಹುಕಾಲ ಕಾಯಿಸಿತು. ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಂಶೋಧಕರು ಎಥಾಕ್ಸೈಡ್ ಮತ್ತು ಅದಕ್ಕಿಂತ ಉದ್ದ ಬಾಲದ ಮೂರು ಸೋಡಿಯಂ ಆಲ್ಕಾಕ್ಸೈಡ್‌ಗಳ ರಚನೆಯನ್ನು ಬಿಡಿಸಿಟ್ಟದ್ದು 2020ರಲ್ಲಿ. ಪ್ರತಿ ಕಾಲೇಜಿನ ಲ್ಯಾಬ್‌ನಲ್ಲೂ ಇರುವ ವಸ್ತುವಿಗೆ ಇಷ್ಟು ತಡವೇಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಇವು ದೊಡ್ಡ, ಬಿಡಿ ಹರಳುಗಳಾಗಿ ಬೆಳೆಯುವುದು ಕಷ್ಟ, ನುಣ್ಣನೆಯ ಪುಡಿಯಾಗಿ ಸಿಗುವುದೇ ಹೆಚ್ಚು. ಆ ಪುಡಿಯನ್ನೂ ತೇವ ತಾಗದಂತೆ ಗಾಜಿನ ಸಣ್ಣ ನಳಿಗೆಯಲ್ಲಿ ಮುಚ್ಚಿ ಕ್ಷ-ಕಿರಣಕ್ಕೆ ಒಡ್ಡಬೇಕು. ಬಿಡಿ ಹರಳಿನಿಂದ ಸಾವಿರಾರು ಪ್ರತ್ಯೇಕ ಬಿಂದುಗಳು ದೊರೆತರೆ, ಪುಡಿಯಿಂದ ದೊರೆಯುವುದು ಒಂದರ ಮೇಲೊಂದು ಬಿದ್ದ ಕೆಲವೇ ಗೆರೆಗಳು. ಅವುಗಳಿಂದ ರಚನೆಯನ್ನು ಹಿಂದಕ್ಕೆ ಲೆಕ್ಕ ಹಾಕುವ ವಿಧಾನಗಳು ಪಳಗಿದ್ದು ಇತ್ತೀಚಿನ ದಶಕಗಳಲ್ಲಿ.

ಈಗ ಬಿಸಿ ಮಾಡೋಣ. ಪದರವೆಂದರೆ ಕೊನೆಯಿಲ್ಲದ ಜೋಡಣೆ. ಅದರಲ್ಲಿ ಇಷ್ಟಕ್ಕೆ ಒಂದು ಅಣು ಮುಗಿಯಿತು ಎನ್ನಬಹುದಾದ ಗಡಿ ಇಲ್ಲ. ಒಂದು ತುಣುಕು ಕಿತ್ತು ಆವಿಯಾಗಬೇಕಾದರೆ ಎಲ್ಲ ದಿಕ್ಕಿನ ಬಂಧಗಳನ್ನೂ ಕಡಿದುಕೊಂಡು ಬರಬೇಕು. ಅದಕ್ಕೆ ಬೇಕಾದ ಶಾಖ ಒದಗುವ ಮೊದಲೇ ಬಾಲದ ಇಂಗಾಲ–ಆಮ್ಲಜನಕ ಬಂಧಗಳು ಸೋಲುತ್ತವೆ. ಹೀಗಾಗಿ ಸೋಡಿಯಂ ಮೆಥಾಕ್ಸೈಡ್ ಮತ್ತು ಎಥಾಕ್ಸೈಡ್ ಆವಿಯಾಗುವ ಬದಲು ಇದ್ದಲ್ಲೇ ಒಡೆಯುತ್ತವೆ.

ಇದನ್ನು ಅಳೆಯುವ ಕ್ರಮ ಹೀಗಿದೆ. ಕೆಲವೇ ಮಿಲಿಗ್ರಾಂ ಪುಡಿಯನ್ನು ಸೂಕ್ಷ್ಮ ತಕ್ಕಡಿಗೆ ಜೋಡಿಸಿದ ಪುಟ್ಟ ಬಟ್ಟಲಿನಲ್ಲಿಟ್ಟು, ಜಡ ಅನಿಲ ಹರಿಯುತ್ತಿರುವ ಕುಲುಮೆಯಲ್ಲಿ ನಿಮಿಷಕ್ಕೆ ಇಂತಿಷ್ಟು ಡಿಗ್ರಿಯಂತೆ ಬಿಸಿ ಏರಿಸುತ್ತಾರೆ. ತೂಕ ಎಲ್ಲಿ ಇಳಿಯಿತು, ಎಷ್ಟು ಇಳಿಯಿತು ಎಂದು ತಕ್ಕಡಿ ಹೇಳುತ್ತದೆ. ಹೊರಬಂದ ಅನಿಲ ಯಾವುದು ಎಂಬುದನ್ನು ಪಕ್ಕದಲ್ಲೇ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸುತ್ತದೆ. ಕಲ್ಪಾಕ್ಕಂನ ತಂಡ ಈ ವಿಧಾನದಲ್ಲಿ ಕಂಡಂತೆ ಸೋಡಿಯಂ ಮೆಥಾಕ್ಸೈಡ್ ಒಡೆಯಲು ತೊಡಗುವುದು ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥಾಕ್ಸೈಡ್ ಸುಮಾರು 300 ಡಿಗ್ರಿಯಲ್ಲಿ. ಹೊರಬರುವುದು ಪರ್ಯಾಪ್ತ ಮತ್ತು ಅಪರ್ಯಾಪ್ತ ಹೈಡ್ರೋಕಾರ್ಬನ್ ಅನಿಲಗಳು. ಬಟ್ಟಲಿನಲ್ಲಿ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಬಿಡಿ ಇಂಗಾಲ. ಬಿಳಿ ಪುಡಿ ಕರ್ರಗಾಗುವುದು ಈ ಇಂಗಾಲದಿಂದ.

ಎಥಾಕ್ಸೈಡ್ 50 ಡಿಗ್ರಿ ಮೊದಲೇ ಸೋಲುವುದು ಏಕೆ? ಒಂದು ಕಾರಣವನ್ನು ರಚನಾಸೂತ್ರ ಬರೆದು ನೀವೇ ಕಾಣಬಹುದು. ಎಥಾಕ್ಸೈಡ್‌ನ ಬಾಲದಲ್ಲಿ ಆಮ್ಲಜನಕದಿಂದ ಎರಡನೆಯ ಸ್ಥಾನದಲ್ಲಿ ಒಂದು ಇಂಗಾಲವಿದೆ, ಅದರ ಮೇಲೆ ಹೈಡ್ರೋಜನ್‌ಗಳಿವೆ. ಆ ಹೈಡ್ರೋಜನ್ ಕಳಚಿಕೊಂಡರೆ ಉಳಿದ ಇಂಗಾಲಗಳೆರಡೂ ಎಥಿಲೀನ್ ಆಗಿ ಸುಲಭವಾಗಿ ಹಾರಿಹೋಗಬಹುದು. ಮೆಥಾಕ್ಸೈಡ್‌ನಲ್ಲಿ ಇರುವುದು ಒಂದೇ ಇಂಗಾಲ, ಈ ಸುಲಭದ ದಾರಿ ಅದಕ್ಕೆ ಇಲ್ಲ. ಹಾಗಾಗಿ ಅದು ಇನ್ನಷ್ಟು ಬಿಸಿ ತಡೆದುಕೊಳ್ಳುತ್ತದೆ.

ಜೋಡಣೆಯೇ ನಡವಳಿಕೆಯನ್ನು ನಿರ್ಧರಿಸುತ್ತದೆ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಗಟ್ಟಿಯಾಗುವುದು ಇನ್ನಿತರ ಆಲ್ಕಾಕ್ಸೈಡ್‌ಗಳ ಪಕ್ಕದಲ್ಲಿಟ್ಟು ನೋಡಿದಾಗ. ಸೋಡಿಯಂನ ಒಡಹುಟ್ಟಾದ ಪೊಟ್ಯಾಸಿಯಂ ತೆಗೆದುಕೊಳ್ಳಿ. ಅದರ ಟರ್ಷರಿ ಬ್ಯುಟಾಕ್ಸೈಡ್‌ನಲ್ಲಿ ಬಾಲ ಕವಲೊಡೆದು ದಪ್ಪಗಿದೆ. ಅಷ್ಟು ದಪ್ಪದ ಬಾಲಗಳನ್ನು ಪದರದ ಮೇಲೆ ಒತ್ತೊತ್ತಾಗಿ ನಿಲ್ಲಿಸಲಾಗದು. ಅಲ್ಲಿ ಪದರ ಮುರಿದು, ನಾಲ್ಕು ಪೊಟ್ಯಾಸಿಯಂ ಮತ್ತು ನಾಲ್ಕು ಆಮ್ಲಜನಕ ಒಂದು ಘನದ ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ಕೂರುತ್ತವೆ. ದಪ್ಪ ಬಾಲಗಳು ಘನದ ಹೊರಗೆ ಕವಚವಾಗುತ್ತವೆ. ಇದಕ್ಕೆ ಗಡಿ ಇದೆ, ಇದು ಬಿಡಿಯಾದ ಅಣು. ಪರಿಣಾಮವಾಗಿ ನಿರ್ವಾತದಲ್ಲಿ ಸುಮಾರು 220 ಡಿಗ್ರಿಗೆ ಬಿಸಿ ಮಾಡಿದರೆ ಈ ಪುಡಿ ಒಡೆಯದೆ ನೇರವಾಗಿ ಆವಿಯಾಗಿ ತಣ್ಣನೆಯ ಜಾಗದಲ್ಲಿ ಮತ್ತೆ ಹರಳುಗಟ್ಟುತ್ತದೆ. ಶುದ್ಧಗೊಳಿಸಲು ಬಳಸುವ ವಿಧಾನವೂ ಇದೇ.

ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್ ಇನ್ನೂ ಒಂದು ಹೆಜ್ಜೆ ಮುಂದೆ. ನಾಲ್ಕು ಅಲ್ಯೂಮಿನಿಯಂ ಸೇರಿ ಒಂದು ಅಣು. ನಡುವಿನದಕ್ಕೆ ಆರು ಆಮ್ಲಜನಕಗಳ ನೆರೆ, ಸುತ್ತಲಿನ ಮೂರಕ್ಕೆ ನಾಲ್ಕು ನಾಲ್ಕರ ನೆರೆ. ಇದನ್ನು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಬಹುದು. ಆಗ ತಾನೇ ಬಟ್ಟಿ ಇಳಿಸಿದ್ದು ಮಂದವಾದ ದ್ರವವಾಗಿಯೇ ಇರುತ್ತದೆ, ಏಕೆಂದರೆ ಆವಿಯಿಂದ ಇಳಿದಾಗ ಮೂರು ಮೂರು ಘಟಕಗಳ ಅಣುಗಳಿರುತ್ತವೆ. ದಿನಗಳೆದಂತೆ ಅವು ನಾಲ್ಕರ ಗುಂಪಿಗೆ ಮರುಜೋಡಣೆಯಾಗಿ, ಬಾಟಲಿಯೊಳಗೆ ತಾನಾಗಿಯೇ ಗಟ್ಟಿಯಾಗುತ್ತದೆ. ಒಂದೇ ವಸ್ತುವಿನ ಹೊಸ ಬಾಟಲಿಗೂ ಹಳೆಯ ಬಾಟಲಿಗೂ ಕರಗುವ ಉಷ್ಣತೆ ಬೇರೆ ಬಂದರೆ ಲೇಬಲ್ ತಪ್ಪಾಗಿದೆ ಎಂದುಕೊಳ್ಳಬೇಡಿ, ಜೋಡಣೆ ಬೇರೆಯಾಗಿರಬಹುದು. ಟೈಟೇನಿಯಂ ಐಸೊಪ್ರೊಪಾಕ್ಸೈಡ್‌ನ ಅಣುಗಳಂತೂ ಬಹುತೇಕ ಒಂಟಿ. ನಮ್ಮ ಊರುಗಳ ಹವೆಯಲ್ಲಿ ಅದು ದ್ರವ. ಅದರ ಆವಿಯನ್ನು ಬಿಸಿ ಗಾಜಿನ ಮೇಲೆ ಹಾಯಿಸಿದರೆ ಪ್ರೊಪೀನ್ ಮತ್ತು ಐಸೊಪ್ರೊಪನಾಲ್ ಹೊರಟುಹೋಗಿ ಟೈಟೇನಿಯಂ ಡೈಆಕ್ಸೈಡ್‌ನ ತೆಳು ಪೊರೆ ಗಾಜಿಗೆ ಕೂರುತ್ತದೆ. ಟ್ಯಾಂಟಲಮ್ ಎಥಾಕ್ಸೈಡ್‌ನಿಂದ ಇದೇ ರೀತಿ ಮೆಮೊರಿ ಚಿಪ್‌ಗಳಿಗೆ ಬೇಕಾದ ಆಕ್ಸೈಡ್ ಪೊರೆ ಮಾಡುತ್ತಾರೆ. ಸೋಡಿಯಂನಲ್ಲಿ ಕಿರುಕುಳವಾದ ಉಷ್ಣ ವಿಭಜನೆ ಇಲ್ಲಿ ಉಪಕಾರಿ.

ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರು ಭಾರತೀಯರು ಎಂಬುದು ನಮ್ಮ ರಸಾಯನಶಾಸ್ತ್ರ ತರಗತಿಗಳಲ್ಲಿ ಸಿಗಬೇಕಾದಷ್ಟು ಪ್ರಚಾರ ಪಡೆದಿಲ್ಲ. ಕಾನ್ಪುರದಲ್ಲಿ ಹುಟ್ಟಿದ ರಾಮ್ ಚರಣ್ ಮೆಹ್ರೋತ್ರಾ (1922–2004) ಲಂಡನ್ನಿನಲ್ಲಿ ಡೊನಾಲ್ಡ್ ಬ್ರಾಡ್ಲಿ ಅವರ ಜೊತೆ ಆಲ್ಕಾಕ್ಸೈಡ್‌ಗಳ ಮೇಲೆ ಕೆಲಸ ಮಾಡಿ, ಹಿಂದಿರುಗಿ ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ದೊಡ್ಡ ಶಾಲೆಯನ್ನು ಬೆಳೆಸಿದರು. 1965ರ ಭಟ್ನಾಗರ್ ಪ್ರಶಸ್ತಿ ಅವರದು. ಬ್ರಾಡ್ಲಿ, ಮೆಹ್ರೋತ್ರಾ ಮತ್ತು ಗೌರ್ ಬರೆದ ‘ಮೆಟಲ್ ಆಲ್ಕಾಕ್ಸೈಡ್ಸ್’ 1978ರಲ್ಲಿ ಬಂತು. ಈ ವಿಷಯಕ್ಕೆ ಕಾಲಿಡುವವರು ಇಂದಿಗೂ ಮೊದಲು ತೆರೆಯುವ ಪುಸ್ತಕ ಅದು.

ಉಷ್ಣ ವಿಭಜನೆಯಲ್ಲಿ ಎಚ್ಚರ ತಪ್ಪಬಾರದ ಒಂದು ಸಂಗತಿಯನ್ನು ಬ್ರಾಡ್ಲಿ ಮತ್ತು ಅವರ ಸಹೋದ್ಯೋಗಿ ಫ್ಯಾಕ್ಟರ್ 1959ರಲ್ಲೇ ತೋರಿಸಿದ್ದರು. ಜಿರ್ಕೋನಿಯಂ ಟರ್ಷರಿ ಬ್ಯುಟಾಕ್ಸೈಡ್‌ಗೆ ಒಂದಿಷ್ಟು ನೀರಿನ ಪಸೆ ಸೇರಿತೆನ್ನಿ. ಆ ನೀರು ಆಲ್ಕಾಕ್ಸೈಡನ್ನು ಒಡೆದು ಟರ್ಷರಿ ಬ್ಯುಟನಾಲ್ ಹುಟ್ಟಿಸುತ್ತದೆ. ಬಿಸಿಯಲ್ಲಿ ಆ ಆಲ್ಕೊಹಾಲ್ ನೀರನ್ನು ಕಳೆದುಕೊಂಡು ಐಸೊಬ್ಯುಟೀನ್ ಅನಿಲವಾಗುತ್ತದೆ. ಹಾಗೆ ಬಿಡುಗಡೆಯಾದ ನೀರು ಮತ್ತೊಂದು ಆಲ್ಕಾಕ್ಸೈಡ್ ಅಣುವಿನ ಮೇಲೆ ಬೀಳುತ್ತದೆ. ಸರಪಣಿ ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಶುದ್ಧ ವಸ್ತುವಿಗೆ ಅಳೆದ ಉಷ್ಣತೆಯನ್ನು ಅಶುದ್ಧ ವಸ್ತುವಿಗೆ ನಂಬಬಾರದು ಎಂಬ ಪಾಠ ಇದರಲ್ಲಿದೆ.

ಕಲ್ಪಾಕ್ಕಂನವರಿಗೆ ಸೋಡಿಯಂ ಆಲ್ಕಾಕ್ಸೈಡ್‌ಗಳ ಮೇಲೆ ಇಷ್ಟು ಆಸಕ್ತಿ ಏಕೆ ಎಂದರೆ, ಅಲ್ಲಿನ ವೇಗೋತ್ಪಾದಕ ರಿಯಾಕ್ಟರ್‌ಗಳನ್ನು ತಂಪಾಗಿಡುವುದು ದ್ರವ ಸೋಡಿಯಂ. ಅದು ಕರಗುವುದು 98 ಡಿಗ್ರಿಯಲ್ಲಿ, ಕುದಿಯುವುದು 883 ಡಿಗ್ರಿಯಲ್ಲಿ. ಅಷ್ಟು ಅಗಲದ ವ್ಯಾಪ್ತಿಯಲ್ಲಿ ಒತ್ತಡ ಹಾಕದೆಯೇ ದ್ರವವಾಗಿ ಉಳಿಯುತ್ತದೆ. 1985ರ ಅಕ್ಟೋಬರ್‌ನಲ್ಲಿ ಅಲ್ಲಿ ಚಾಲೂ ಆದ ಪರೀಕ್ಷಾ ರಿಯಾಕ್ಟರ್ ಫ್ರಾನ್ಸಿನ ರಾಪ್ಸೊಡಿ ರಿಯಾಕ್ಟರ್‌ನ ವಿನ್ಯಾಸವನ್ನು ಆಧರಿಸಿದ್ದು. 500 ಮೆಗಾವಾಟ್‌ನ ಮಾದರಿ ರಿಯಾಕ್ಟರ್‌ನಲ್ಲಿ ಸಾವಿರ ಟನ್ನಿಗೂ ಹೆಚ್ಚು ಸೋಡಿಯಂ ಬೇಕು. ರಿಪೇರಿಗೆಂದು ಹೊರತೆಗೆದ ಪಂಪು, ಕೊಳವೆ, ಯಂತ್ರಭಾಗಗಳಿಗೆಲ್ಲ ಸೋಡಿಯಂ ಮೆತ್ತಿಕೊಂಡಿರುತ್ತದೆ. ಅದನ್ನು ತೊಳೆಯಬೇಕು. ಸಾರಜನಕದೊಂದಿಗೆ ನೀರಿನ ಹಬೆ ಹಾಯಿಸುವುದು ಒಂದು ವಿಧಾನ, ಆಲ್ಕೊಹಾಲ್‌ನಿಂದ ತೊಳೆಯುವುದು ಇನ್ನೊಂದು. ನಿಮ್ಮ ಬೀಕರ್‌ನ ಕ್ರಿಯೆಯೇ ಅಲ್ಲಿ ದೊಡ್ಡ ತೊಟ್ಟಿಯಲ್ಲಿ ನಡೆಯುತ್ತದೆ.

ದೊಡ್ಡ ತೊಟ್ಟಿಯಲ್ಲಿ ಅದು ಹೇಗೆ ಕೈಮೀರಬಹುದು ಎಂಬುದನ್ನು ಜಗತ್ತು ಕಂಡಿದ್ದು 1994ರ ಮಾರ್ಚ್ 31ರಂದು, ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ. ರಾಪ್ಸೊಡಿ 1983ರಲ್ಲೇ ನಿಂತಿತ್ತು, ಬಿಚ್ಚುವ ಕೆಲಸ ನಡೆದಿತ್ತು. ತೊಟ್ಟಿಯೊಂದರ ತಳದಲ್ಲಿ ಉಳಿದಿದ್ದ ಸುಮಾರು 100 ಕಿಲೋ ಸೋಡಿಯಂ ಮುಗಿಸಲು ಎಥಿಲ್ ಕಾರ್ಬಿಟಾಲ್ ಎಂಬ ಭಾರವಾದ ಆಲ್ಕೊಹಾಲ್ ಬಿಡುತ್ತಿದ್ದರು. ಭಾರದ ಆಲ್ಕೊಹಾಲ್ ಬೇಗ ಆವಿಯಾಗುವುದಿಲ್ಲ, ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದು ಅದರ ಪರವಾದ ವಾದ. ಆದರೆ ಕುದಿದು ಶಾಖ ಹೊರಹಾಕದ ದ್ರವ ಬಿಸಿಯನ್ನು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಸೋಡಿಯಂ, ಆಲ್ಕೊಹಾಲ್ ಮತ್ತು ಆಲ್ಕಾಕ್ಸೈಡ್ ಬೆರೆತ ರಾಶಿ ಕಾದು, ಹೈಡ್ರೋಜನ್ ಮತ್ತು ಹೈಡ್ರೋಕಾರ್ಬನ್ ಅನಿಲಗಳು ರಭಸದಿಂದ ಹೊಮ್ಮಿ ತೊಟ್ಟಿ ಸಿಡಿಯಿತು. ಒಬ್ಬರು ಸತ್ತರು, ನಾಲ್ವರು ಗಾಯಗೊಂಡರು. 100 ಕಿಲೋ ಸೋಡಿಯಂ ಪೂರ್ತಿ ಆಲ್ಕಾಕ್ಸೈಡ್ ಆದರೆ ಬರುವ ಹೈಡ್ರೋಜನ್ ಒಂದೇ 50 ಘನ ಮೀಟರ್ ದಾಟುತ್ತದೆ. ಅದರ ಮೇಲೆ ವಿಭಜನೆಯ ಅನಿಲಗಳೂ ಸೇರಿದರೆ ಮುಚ್ಚಿದ ತೊಟ್ಟಿಯ ಗತಿ ಏನೆಂದು ಊಹಿಸಬಹುದು. ಯಾವ ಆಲ್ಕಾಕ್ಸೈಡ್ ಎಷ್ಟು ಬಿಸಿಯಲ್ಲಿ ಒಡೆಯುತ್ತದೆ, ಯಾವ ಅನಿಲ ಬಿಡುತ್ತದೆ ಎಂಬುದು ಆ ದಿನದ ನಂತರ ಜೀವ ಉಳಿಸುವ ಮಾಹಿತಿಯಾಯಿತು. ಕುಲುಮೆಯ ಬಟ್ಟಲಿನ ಕೆಲವು ಮಿಲಿಗ್ರಾಂ ಪುಡಿಯ ಅಧ್ಯಯನಕ್ಕೆ ಅಷ್ಟು ಬೆಲೆ ಇರುವುದು ಇದಕ್ಕೇ.

ನಿಮ್ಮ ಲ್ಯಾಬ್‌ನ ಕೆಲಸಕ್ಕೆ ಬಂದರೆ, ಪಾಲಿಸಬೇಕಾದ್ದು ಇಷ್ಟು. ಸೋಡಿಯಂ ಸಣ್ಣ ಚೂರುಗಳಾಗಿರಲಿ, ಫ್ಯೂಮ್ ಹುಡ್‌ನೊಳಗೆ, ಸಾಧ್ಯವಾದರೆ ಸಾರಜನಕ ಹಾಯಿಸುತ್ತಾ ಕೆಲಸ ಮಾಡಿ. ಪಾತ್ರೆಯ ಬಾಯಿ ಎಂದೂ ಬಿಗಿಯಾಗಿ ಮುಚ್ಚಬೇಡಿ. ಮೊದಲು ನಿಧಾನವಾಗಿ ವರ್ತಿಸುವ ಐಸೊಪ್ರೊಪನಾಲ್, ಗುಳ್ಳೆ ಪೂರ್ತಿ ನಿಂತ ಮೇಲೆ ಎಥನಾಲ್, ಅದೂ ತಣ್ಣಗಾದ ಮೇಲೆ ಕೊನೆಗೆ ನೀರು, ಈ ಕ್ರಮ ತಪ್ಪಿಸಬೇಡಿ. ಆಲ್ಕೊಹಾಲ್ ಧಾರಾಳವಾಗಿರಲಿ. ಕಡಿಮೆಯಾದರೆ ಆಲ್ಕಾಕ್ಸೈಡ್ ಚೂರಿನ ಸುತ್ತ ಹೊದಿಕೆಯಾಗಿ ಕಟ್ಟಿಕೊಂಡು, ಒಳಗೆ ಹಸಿ ಸೋಡಿಯಂ ಅಡಗಿರುತ್ತದೆ. ಎಲ್ಲ ಮುಗಿಯಿತೆಂದು ನೀರು ಸುರಿದಾಗ ಅನಾಹುತವಾಗುವುದು ಹೀಗೆಯೇ. ಉಳಿದ ದ್ರಾವಣವನ್ನು ಹಾಟ್‌ಪ್ಲೇಟ್ ಮೇಲಿಟ್ಟು ಒಣಗಿಸಲು ಹೋಗಬೇಡಿ. ಒಣ ಆಲ್ಕಾಕ್ಸೈಡ್ ಪುಡಿ ಗಾಳಿಯ ತೇವ ಹೀರಿ ತಾನಾಗಿ ಬಿಸಿಯೇರಬಲ್ಲದು. ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಸೋಡಿಯಂ ಮೆಥಾಕ್ಸೈಡನ್ನು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೇ ವರ್ಗದಲ್ಲಿ ಇಟ್ಟಿರುವುದು ಇದಕ್ಕೇ.

ಇದೇ ವಸ್ತು ಹೊಂಗೆ ಎಣ್ಣೆಯನ್ನು ಬಯೋಡೀಸೆಲ್ ಆಗಿಸುವಾಗ ವೇಗವರ್ಧಕವಾಗಿ, ಔಷಧ ಕಾರ್ಖಾನೆಗಳಲ್ಲಿ ಬಲವಾದ ಪ್ರತ್ಯಾಮ್ಲವಾಗಿ ದಿನವೂ ದುಡಿಯುತ್ತಿದೆ. ಭಯಪಡಬೇಕಾದ್ದಿಲ್ಲ, ಗುಣ ತಿಳಿದು ಬಳಸಬೇಕು. ನೀವು ಕೇಳಿದ ಪ್ರಶ್ನೆ ಒಳ್ಳೆಯ ಪ್ರಾಜೆಕ್ಟ್ ವಿಷಯವೂ ಹೌದು. ಕಲ್ಪಾಕ್ಕಂ ತಂಡದ 2006ರ ಪ್ರಬಂಧ ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ನ ಹಳೆಯ ಸಂಚಿಕೆಗಳಲ್ಲಿದೆ, ಭಾರತೀಯ ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಅದರ ಕ್ಷ-ಕಿರಣ ಅಂಕಿಗಳ ಕೋಷ್ಟಕವನ್ನು ಮುಂದಿಟ್ಟುಕೊಂಡು, ಇಂಗಾಲದ ಸಂಖ್ಯೆಗೆ ಎದುರಾಗಿ ಘಟಕದ ಎತ್ತರದ ಗ್ರಾಫ್ ನೀವೇ ಒಮ್ಮೆ ಎಳೆದು ನೋಡಿ.